ಚರ್ಚ್ ಗೋಡೆ ಯಾಕೆ ಉಪ್ಪು ಬಿಡುತ್ತದೆ? ಒಂದು ಹಳೇ ಕಟ್ಟಡ, ನಾಲ್ಕು ದುರಸ್ತಿ

ನಮ್ಮ ಚರ್ಚ್‌ನಲ್ಲಿ ಬಲಗಡೆ ಸಾಲಿನ ಮೂರನೇ ಬೆಂಚಿಗೆ ಬಂದವರು ಗೋಡೆಯಿಂದ ಒಂದು ಮೊಳ ದೂರವೇ ಕೂರುತ್ತಾರೆ. ಭುಜ ತಾಗಿದರೆ ಅಂಗಿಗೆ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ನೆಲದಿಂದ ಸುಮಾರು ಮೂರು ಅಡಿ ಎತ್ತರದವರೆಗೆ ಪೇಂಟ್ ಗುಳ್ಳೆ ಎದ್ದಿದೆ. ಗುಳ್ಳೆಯನ್ನು ಉಗುರಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದರ ಹಿಂದೆ ಹತ್ತಿಯ ಎಳೆಯಂಥ ಬಿಳಿ ಕೂದಲು. ಚಿಕ್ಕವನಿದ್ದಾಗ ನಾಲಿಗೆಗೆ ಇಟ್ಟು ನೋಡಿದ್ದೆ. ಉಪ್ಪು!

ದಾವಣಗೆರೆ ಕಡೆ ಅಂದರೆ ಬಿಸಿಲಿನ ಸೀಮೆ. ಇಲ್ಲಿ ಮಲೆನಾಡಿನ ಹಾಗೆ ತಿಂಗಳುಗಟ್ಟಲೆ ಮಳೆ ಹೊಡೆಯುವುದಿಲ್ಲ. ಹಾಗಿದ್ದೂ ಗೋಡೆ ಯಾಕೆ ಒದ್ದೆಯಾಗುತ್ತದೆ? ಎರಡು ಮೂರು ಸಲ ಕೆರೆದು ಪುಟ್ಟಿ ಹಾಕಿ ಪೇಂಟ್ ಹೊಡೆಸಿದ್ದಾಯಿತು. ಪ್ರತಿ ಸಲವೂ ಒಂದು ವರ್ಷ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಗುಳ್ಳೆ. ಕೊನೆಗೆ ಚಿತ್ರದುರ್ಗದ ಕಡೆಯಿಂದ ಹಳೇ ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋದರು. ಮೇಲ್ಗಡೆ ಗಟ್ಟಿ ಸದ್ದು, ಕೆಳಗಡೆ ಡೊಳ್ಳು ಸದ್ದು. "ಗೋಡೆಗೆ ಏನೂ ರೋಗ ಇಲ್ರಿ, ಉಸಿರು ಕಟ್ಟೈತಿ ಅಷ್ಟೇ" ಅಂದರು.

ಆ ಮಾತು ಅರ್ಥವಾಗಬೇಕಾದರೆ ಈ ಕಟ್ಟಡಕ್ಕೆ ಯಾವಾಗ ಏನೇನು ಮಾಡಿದ್ದಾರೆ ಅಂತ ತಿಳಿಯಬೇಕು. ನಾನು ಅದನ್ನು ಹುಡುಕುತ್ತಾ ಹೋದೆ. ಊರ ಹೆಸರು, ಚರ್ಚ್ ಹೆಸರು ಇಲ್ಲಿ ಬೇಡ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಹಳೇ ಚರ್ಚ್‌ಗಳಿಗೆ ಹೋದಾಗ ಹೆಚ್ಚು ಕಡಿಮೆ ಇದೇ ಗೋಡೆ, ಇದೇ ಗುಳ್ಳೆ ನೋಡಿದ್ದೇನೆ.

ಮೊದಲು ವಯಸ್ಸಿನ ವಿಚಾರ. "ನಿಮ್ಮ ಚರ್ಚ್‌ಗೆ ಎಷ್ಟು ವರ್ಷ?" ಅಂತ ಕೇಳಿದರೆ ಅದರಲ್ಲಿ ಎರಡು ಪ್ರಶ್ನೆ ಇರುತ್ತವೆ. ಭಕ್ತರ ಸಭೆಗೆ ಎಷ್ಟು ವರ್ಷ ಅನ್ನುವುದು ಒಂದು, ಈಗ ನಿಂತಿರುವ ಕಟ್ಟಡಕ್ಕೆ ಎಷ್ಟು ವರ್ಷ ಅನ್ನುವುದು ಇನ್ನೊಂದು. ನಾಲ್ಕು ಮನೆಯವರು ಸೇರಿ ಯಾರದೋ ಪಡಸಾಲೆಯಲ್ಲೋ ಚಪ್ಪರದಡಿಯಲ್ಲೋ ಪ್ರಾರ್ಥನೆ ಶುರು ಮಾಡಿರುತ್ತಾರೆ. ಕಲ್ಲಿನ ಕಟ್ಟಡ ಬರುವುದು ಎಷ್ಟೋ ವರ್ಷ ಆದಮೇಲೆ. ಸಭೆಯ ವಯಸ್ಸು ಗೊತ್ತಾಗುವುದು ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಫ್ತರದಿಂದ. ಹಳೇ ಮೈಸೂರು ಸೀಮೆಯ ಕಥೋಲಿಕ ಚರ್ಚ್‌ಗಳನ್ನು ಬಹಳ ಕಾಲ ನೋಡಿಕೊಂಡವರು ಪ್ಯಾರಿಸ್‌ನ ವಿದೇಶ ಮಿಷನ್‌ನ ಫ್ರೆಂಚ್ ಗುರುಗಳು. ಅವರ ಕಾಲದ ದಫ್ತರಗಳು ಲ್ಯಾಟಿನ್‌ನಲ್ಲಿ ಇರುತ್ತವೆ. ಅಕ್ಷರ ಬಳುಕಿದ್ದರೂ ಭಯ ಬೇಡ. ಪ್ರತಿ ಸಾಲೂ ಒಂದೇ ಅಚ್ಚಿನದು: ದಿನಾಂಕ, ಮಗುವಿನ ಹೆಸರು, ತಂದೆ ತಾಯಿ, ಸಾಕ್ಷಿ ನಿಂತವರು, ಗುರುವಿನ ರುಜು. ಅರ್ಧ ಗಂಟೆ ಕೂತರೆ ಓದಲು ಬರುತ್ತದೆ.

ಕಟ್ಟಡದ ವಯಸ್ಸಿಗೆ ದಫ್ತರ ಸಾಕಾಗುವುದಿಲ್ಲ. ಅಡಿಗಲ್ಲು, ಲೆಕ್ಕದ ಪುಸ್ತಕ, ಹಳೇ ಫೋಟೋ ಬೇಕು. ಅವೇನೂ ಇಲ್ಲದಾಗ ಜನ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ನಮ್ಮಲ್ಲೂ ಹಾಗೇ ಆಯಿತು. ಸೋರುತ್ತಿದ್ದ ಕಡೆ ಹೆಂಚು ಕಿತ್ತಾಗ ಒಬ್ಬ ಹುಡುಗ ಒಂದು ಹೆಂಚನ್ನು ಬೋರಲು ಹಾಕಿ ಕೂಗಿದ. ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಅಂತ ಅಚ್ಚು ಒತ್ತಿತ್ತು. ಸರಿ, ಚರ್ಚ್ 1865ರದ್ದು ಅಂತ ಆ ಭಾನುವಾರವೇ ಎಲ್ಲ ಕಡೆ ಸುದ್ದಿ ಹರಡಿತು. ಆದರೆ 1865 ಅನ್ನುವುದು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆ ಹೆಂಚು ಸುಟ್ಟ ವರ್ಷ ಅಲ್ಲ. ಎಷ್ಟೋ ವರ್ಷ ಆದಮೇಲೆ ಮಾಡಿದ ಹೆಂಚಿನ ಮೇಲೂ ಅದೇ ಅಂಕಿ ಇರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಕೈಗೆ ಹೋದವು. ಹಾಗಾಗಿ ಈ ಹೆಂಚು 1865ರಿಂದ ಸುಮಾರು 1920ರ ಒಳಗಿನದು ಅಂತ ಮಾತ್ರ ಹೇಳಬಹುದು. ಹೆಂಚು ಬೇರೆ ಮನೆಯಿಂದ ಬಿಚ್ಚಿ ತಂದದ್ದೂ ಇರಬಹುದು, ಅಲ್ವಾ? ಒಳ್ಳೆ ಹೆಂಚನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಗಾರೆ. ಭಾರತದಲ್ಲಿ ಸಿಮೆಂಟ್ ತಯಾರಿಕೆ ನಿಜವಾಗಿ ಕುದುರಿಕೊಂಡಿದ್ದು 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ. ನಮ್ಮ ಪಕ್ಕದ ಭದ್ರಾವತಿಯಲ್ಲಿ ಸಿಮೆಂಟ್ ಬಂದದ್ದು 1930ರ ದಶಕದ ಕೊನೆಗೆ. ಅದಕ್ಕೂ ಮುಂಚೆ ಇಲ್ಲಿ ಕಲ್ಲು ಇಟ್ಟಿಗೆಯಲ್ಲಿ ಏನೇ ಕಟ್ಟಿದರೂ ಹೆಚ್ಚಾಗಿ ಸುಣ್ಣದ ಗಾರೆ, ಇಲ್ಲವೇ ಮಣ್ಣು. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಕಟ್ಟಿ ಮುಗಿಸಿದ ಕಮಾನಿನ ಹಳೇ ಸೇತುವೆ ಸಿಮೆಂಟ್ ಇಲ್ಲದ ಕಾಲದ್ದು. ಚಿತ್ರದುರ್ಗದ ಕೋಟೆಯೊಳಗೆ ಹೋದರೆ ಆಳೆತ್ತರಕ್ಕೂ ಮೀರಿದ ದಪ್ಪ ಮಣ್ಣಿನ ಗೋಡೆಗಳು ಇವತ್ತಿಗೂ ನಿಂತಿವೆ. ಅವನ್ನು ನೋಡಿದ ಮೇಲೂ ಸಿಮೆಂಟ್ ಇಲ್ಲದಿದ್ದರೆ ಗೋಡೆ ಬಾಳುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ.

ಈಗ ಗಾರೆಯ ಗುಟ್ಟು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಡುತ್ತಾರೆ. ಆಗ ಕಲ್ಲಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಅಪ್ಪಟ ಸುಣ್ಣದ ಕಲ್ಲು 100 ಕೆ.ಜಿ. ಸುಟ್ಟರೆ 44 ಕೆ.ಜಿ. ಗಾಳಿಗೆ ಹೋಗಿ 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಬಿಟ್ಟರೆ ಕೊತಕೊತ ಕುದಿದು, ಬಿರಿದು, ಬೆಣ್ಣೆಯಂತಾಗುತ್ತದೆ. ಇದನ್ನೇ ಸುಣ್ಣ ಅರಳಿಸುವುದು ಅನ್ನುತ್ತಾರೆ. ಆ ಹೊತ್ತಿಗೆ ಮಕ್ಕಳನ್ನು ಹತ್ತಿರ ಬಿಡಬಾರದು, ಕಣ್ಣಿಗೆ ಸಿಡಿದರೆ ದೊಡ್ಡ ಅಪಾಯ. ಅರಳಿದ ಸುಣ್ಣಕ್ಕೆ ಮರಳು, ಕೆಲವು ಕಡೆ ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯುತ್ತಿದ್ದರು. ದುಂಡನೆ ಕಾಲುವೆ, ಅದರಲ್ಲಿ ಕಲ್ಲಿನ ಗಾಲಿ, ಎಳೆಯಲು ಎತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಹದ ಮಾಡುತ್ತಿದ್ದರು.

ಗೋಡೆಗೆ ಹಚ್ಚಿದ ಮೇಲೆ ಈ ಗಾರೆ ಗಾಳಿಯಿಂದ ಮತ್ತೆ ಅದೇ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನಕ್ಕೆ ತಿರುಗಿ ಸುಣ್ಣದ ಕಲ್ಲೇ ಆಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡಿದ್ದನ್ನು ಗೋಡೆಯ ಮೇಲೆ ಕೂತು ವಾಪಸ್ ಪಡೆಯುತ್ತದೆ. ನನಗೆ ಇದು ಈ ಇಡೀ ವಿಚಾರದಲ್ಲೇ ಅತಿ ಚೆಂದದ ಸಂಗತಿ. ಸಿಮೆಂಟ್ ಕೆಲವೇ ಗಂಟೆಯಲ್ಲಿ ಬಿಗಿಯುತ್ತದೆ, 28 ದಿನಕ್ಕೆ ಬಹುಪಾಲು ಬಲ ಬಂದುಬಿಡುತ್ತದೆ. ಗಾರೆಗೆ ತಿಂಗಳುಗಳು ಬೇಕು, ದಪ್ಪ ಗೋಡೆಯ ಒಳಗಡೆ ವರ್ಷಗಳೇ ಬೇಕು.

ಗಾರೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳು ತುಂಬಾ ಇರುತ್ತವೆ. ಬೇಸಿಗೆಯಲ್ಲಿ ನೀರಿಡುವ ಮಣ್ಣಿನ ಮಡಕೆ ನೆನಪು ಮಾಡಿಕೊಳ್ಳಿ. ಮಡಕೆಯ ಮೈ ಬೆವರುತ್ತದೆ, ಆ ತೇವ ಗಾಳಿಗೆ ಆರುತ್ತದೆ. ಹಳೇ ಗೋಡೆ ಮಾಡುವ ಕೆಲಸವೂ ಅದೇ. ಹಳೇ ಕಟ್ಟಡದ ಪಾಯಕ್ಕೆ ಈಗಿನ ಹಾಗೆ ನೀರು ತಡೆಯುವ ಪದರ ಇರುವುದಿಲ್ಲ. ನೆಲದ ತೇವ ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಗೋಡೆಗೆ ಏರುತ್ತದೆ. ಗಾರೆಯ ಗೋಡೆ ಅದನ್ನು ಒಂದಡಿ ಎರಡಡಿ ಎತ್ತರದಲ್ಲೇ ಹೊರಗೆ ಬಿಟ್ಟುಬಿಡುತ್ತದೆ. ಅಂದರೆ ಹಳೇ ಗೋಡೆ ಒದ್ದೆಯೂ ಆಗುತ್ತದೆ, ಆರುತ್ತಲೂ ಇರುತ್ತದೆ. ಪ್ರತಿ ವರ್ಷ ಕ್ರಿಸ್ಮಸ್‌ಗೆ ಮುಂಚೆ ನಮ್ಮ ಹಿರಿಯರು ಸುಣ್ಣ ಹೊಡೆಯುತ್ತಿದ್ದದ್ದು ಬರೀ ಬೆಳ್ಳಗೆ ಕಾಣಲಿ ಅಂತಲ್ಲ. ಸುಣ್ಣದ ಆ ತೆಳು ಪದರ ಸಣ್ಣ ಬಿರುಕನ್ನು ಮುಚ್ಚುತ್ತದೆ, ಉಸಿರನ್ನು ಮಾತ್ರ ಮುಚ್ಚುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದು ನಮ್ಮ ಮಣ್ಣಿನದು. ದಾವಣಗೆರೆ ಸುತ್ತ ಎರೆ ಭೂಮಿ ಜಾಸ್ತಿ. ಮಳೆ ಬಿದ್ದಾಗ ಎರೆಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಕಟ್ಟಡ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಏರಿ ಇಳಿಯುತ್ತದೆ. ಗಾರೆ ಮೆದು, ಅಷ್ಟನ್ನು ತಡೆದುಕೊಳ್ಳುತ್ತದೆ. ಸಿಮೆಂಟ್ ಗಡುಸು, ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ಮಾತ್ರ ದಾರಿ ಇರುವುದಿಲ್ಲ.

ನಮ್ಮ ಚರ್ಚ್‌ನ ಮೊದಲ ದೊಡ್ಡ ದುರಸ್ತಿ ಇದೇ ಸಿಮೆಂಟ್‌ನದು. ಗಾರೆ ಅಲ್ಲಲ್ಲಿ ಉದುರುತ್ತಿತ್ತು. ಆಗಿನ ಗುತ್ತಿಗೆದಾರರು ಕೆಳಗಿನ ನಾಲ್ಕಡಿ ಗಾರೆಯನ್ನು ಪೂರಾ ಕಿತ್ತು, ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಬಳಿದರು. ಒಳ್ಳೆ ಮನಸ್ಸಿನಿಂದಲೇ ಮಾಡಿದರು, ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಆಮೇಲೆ ಒಳಗಿನ ಕಡಪ ಕಲ್ಲಿನ ನೆಲದ ಮೇಲೆ ಹೊಳೆಯುವ ಟೈಲ್ಸ್ ಬಂತು. ಹೊರಗೆ ಗೋಡೆಯ ಬುಡಕ್ಕೆ ಸುತ್ತಲೂ ಕಾಂಕ್ರೀಟ್ ಹಾಕಿದರು. ಈಗ ನೆಲದ ತೇವದ ಕಣ್ಣಿನಿಂದ ನೋಡಿ. ಮೊದಲು ಕಲ್ಲಿನ ಸಂದಿಗಳಿಂದ ಮೇಲೆ ಬರುತ್ತಿತ್ತು, ಅಲ್ಲಿ ಟೈಲ್ಸ್ ಮುಚ್ಚಿತು. ಹೊರಗಿನ ಮಣ್ಣಿನಿಂದ ಆರುತ್ತಿತ್ತು, ಅಲ್ಲಿ ಕಾಂಕ್ರೀಟ್. ಗೋಡೆಯ ಮೈಯಿಂದ ಹೋಗುತ್ತಿತ್ತು, ಅಲ್ಲಿ ಸಿಮೆಂಟ್, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ಉಳಿದ ದಾರಿ ಒಂದೇ: ಗೋಡೆಯ ಒಳಗೇ ಇನ್ನೂ ಮೇಲಕ್ಕೆ ಹತ್ತುವುದು. ಒಂದೂವರೆ ಅಡಿಗೆ ನಿಲ್ಲುತ್ತಿದ್ದ ತೇವ ಮೂರಡಿಗೆ ಹೋಯಿತು. ನೀರು ಮಣ್ಣಿನಿಂದ, ಇಟ್ಟಿಗೆಯಿಂದ, ಸಿಮೆಂಟಿನಿಂದ ಕರಗಿಸಿಕೊಂಡು ಬಂದ ಉಪ್ಪನ್ನು ಪೇಂಟಿನ ಹಿಂದೆ ಬಿಟ್ಟು ಆರುತ್ತದೆ. ಉಪ್ಪು ಹರಳುಗಟ್ಟುವಾಗ ಉಬ್ಬುತ್ತದೆ, ಆ ಒತ್ತಡಕ್ಕೆ ಪ್ಲಾಸ್ಟರ್ ಸಿಡಿಯುತ್ತದೆ. ಮೂರನೇ ಬೆಂಚಿನ ಗುಳ್ಳೆಯ ಕಥೆ ಇಷ್ಟೇ.

ಎರಡನೇ ದುರಸ್ತಿ ಸೂರಿನದು. ಎರಡೂ ಕಡೆ ಇಳಿಜಾರಿನ ಹೆಂಚಿನ ಸೂರು ತನ್ನ ಭಾರದಿಂದ ಗೋಡೆಯನ್ನು ಕೆಳಕ್ಕೂ ಒತ್ತುತ್ತದೆ, ಹೊರಕ್ಕೂ ತಳ್ಳುತ್ತದೆ. ಪೇಂಟರ್‌ಗಳು ಬಳಸುವ ಎರಡು ಕಾಲಿನ ಏಣಿ ಇದೆಯಲ್ಲ, ಅದರ ಮಧ್ಯೆ ಒಂದು ಹಗ್ಗ ಕಟ್ಟಿರುತ್ತಾರೆ. ಹಗ್ಗ ಬಿಚ್ಚಿದರೆ ಕಾಲುಗಳು ಜಾರಿ ಅಗಲವಾಗುತ್ತವೆ. ಚರ್ಚ್‌ನ ಒಳಗೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾದುಹೋಗುವ ಅಡ್ಡತೊಲೆ ಮಾಡುವ ಕೆಲಸ ಆ ಹಗ್ಗದ್ದು. ಫಾಲ್ಸ್ ಸೀಲಿಂಗ್‌ಗೆ ಅಡ್ಡ ಬರುತ್ತದೆ, ನೋಡಲು ಚೆಂದ ಇಲ್ಲ ಅಂತ ಅದನ್ನು ಕುಯ್ದರೆ ಗೋಡೆಯ ನೆತ್ತಿ ಹೊರಕ್ಕೆ ವಾಲಲು ಶುರುವಾಗುತ್ತದೆ. ನಮ್ಮಲ್ಲಿ ಎರಡು ತೊಲೆಗೆ ಗೆದ್ದಲು ಹಿಡಿದಿತ್ತು. ಪುಣ್ಯಕ್ಕೆ ಆಗಿನ ಹಿರಿಯರು ಹಠ ಹಿಡಿದು ತೊಲೆಗೆ ತೊಲೆಯನ್ನೇ ಹಾಕಿಸಿದರು.

ಹೆಂಚು ತೆಗೆದು ಆರ್‌ಸಿಸಿ ಹಾಕಿಬಿಡೋಣ ಅನ್ನುವ ಮಾತು ಪ್ರತಿ ಸಲ ಬರುತ್ತದೆ. ಲೆಕ್ಕ ನೋಡಿ. ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, ಸುಮಾರು 140 ಮಂಗಳೂರು ಹೆಂಚು ಬೇಕು. ತೂಕ 350ರಿಂದ 400 ಕೆ.ಜಿ. ಅಷ್ಟೇ ಜಾಗಕ್ಕೆ 4 ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೆ ಸುಮಾರು 2,300 ಕೆ.ಜಿ. ಮರದ ತೂಕ ಸೇರಿಸಿಕೊಂಡರೂ ವ್ಯತ್ಯಾಸ ಬಹಳ ದೊಡ್ಡದು. ಹೆಂಚಿಗಾಗಿ ಕಟ್ಟಿದ ಗೋಡೆ, ಹೆಂಚಿಗಾಗಿ ತೋಡಿದ ಪಾಯ, ಕೆಳಗೆ ಎರೆಮಣ್ಣು. ಎಂಜಿನಿಯರ್ ಬಂದು ನೋಡದೆ ಆ ಮಾತನ್ನು ಸುಮ್ನೆ ಆಡಲೂ ಬಾರದು ಅಂತ ನನ್ನ ಅಭಿಪ್ರಾಯ.

ಮೂರನೆಯದು ಮಳೆಯಿಂದಲೂ ಗೆದ್ದಲಿನಿಂದಲೂ ಬಂದದ್ದಲ್ಲ, ರೋಮ್‌ನಿಂದ ಬಂದದ್ದು. ಕಥೋಲಿಕ ಚರ್ಚ್‌ಗಳ ಒಳಗಿನ ರೂಪ ಬದಲಾಗಿದ್ದಕ್ಕೆ ಎರಡನೇ ವ್ಯಾಟಿಕನ್ ಮಹಾಸಭೆಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ. ಜಗತ್ತಿನ ಕಥೋಲಿಕ ಬಿಷಪ್‌ಗಳು ಸೇರಿದ ಆ ಸಭೆ ನಡೆದದ್ದು 1962ರಿಂದ 1965ರವರೆಗೆ. ಅದಕ್ಕೂ ಮುಂಚೆ ಪೂಜೆ ಲ್ಯಾಟಿನ್‌ನಲ್ಲಿತ್ತು. ಪೂಜೆ ಅರ್ಪಿಸುವ ಪೀಠ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಗುರುಗಳು ಜನರ ಕಡೆ ಬೆನ್ನು ಮಾಡಿ, ಜನರ ಜೊತೆಗೇ ಪೀಠದ ಕಡೆ ಮುಖ ಮಾಡಿ ಪೂಜೆ ಅರ್ಪಿಸುತ್ತಿದ್ದರು. ಪೀಠಕ್ಕೂ ಜನಕ್ಕೂ ನಡುವೆ ಮರದ ಅಥವಾ ಕಬ್ಬಿಣದ ಕಟಕಟೆ. ಅದರ ಮುಂದೆ ಮೊಣಕಾಲೂರಿ ಪರಮಪ್ರಸಾದ ತೆಗೆದುಕೊಳ್ಳಬೇಕು. ಪ್ರಸಂಗಕ್ಕೆ, ಅಂದರೆ ಗುರುಗಳ ಉಪದೇಶಕ್ಕೆ, ಎತ್ತರದ ಮಂಚಿಕೆ, ಏಕೆಂದರೆ ಮೈಕ್ ಇರಲಿಲ್ಲ, ದನಿ ಕೊನೇ ಬೆಂಚಿನವರೆಗೆ ಮುಟ್ಟಬೇಕಿತ್ತು.

1963ರ ಡಿಸೆಂಬರ್ 4ರಂದು ಆರಾಧನೆಯ ಬಗೆಗಿನ ಮಹಾಸಭೆಯ ದಸ್ತಾವೇಜು ಹೊರಬಂತು. ಜನ ಪೂಜೆಯಲ್ಲಿ ಸುಮ್ಮನೆ ನೋಡುವವರಾಗಿ ಉಳಿಯದೆ ಪಾಲ್ಗೊಳ್ಳಬೇಕು ಅನ್ನುವುದು ಅದರ ತಿರುಳು. ಮರುವರ್ಷದ ಸೂಚನೆಯಲ್ಲಿ ಪೀಠ ಗೋಡೆಯಿಂದ ಬಿಡಿಯಾಗಿರುವುದು ಒಳ್ಳೆಯದು, ಸುತ್ತ ಓಡಾಡುವಂತಿರಬೇಕು, ಜನರ ಕಡೆ ಮುಖ ಮಾಡಿ ಪೂಜೆ ಮಾಡುವಂತಿರಬೇಕು ಅಂತ ಬಂತು. ಪೂಜೆ ಕನ್ನಡಕ್ಕೆ ಬಂತು. ಅಜ್ಜಿಯರು ಅರ್ಥ ಗೊತ್ತಿಲ್ಲದೆ ಬಾಯಿಪಾಠ ಹೇಳುತ್ತಿದ್ದ ಮಾತುಗಳು ತಮ್ಮದೇ ಭಾಷೆಯಲ್ಲಿ ಕೇಳಿಸಿದವು. ಅದು ಎಷ್ಟು ದೊಡ್ಡ ಬದಲಾವಣೆ ಅಂತ ಈಗಿನ ಮಕ್ಕಳಿಗೆ ಹೇಳಿ ತಿಳಿಸುವುದು ಕಷ್ಟ.

ಒಂದು ತಪ್ಪು ತಿಳಿವಳಿಕೆ ಮಾತ್ರ ಬಹಳ ಕಡೆ ಇದೆ. ಹಳೇ ಪೀಠಗಳನ್ನು ಒಡೆದು ಹಾಕಿ ಅಂತ ಆ ಮಹಾಸಭೆ ಎಲ್ಲೂ ಹೇಳಲಿಲ್ಲ. ಮುಂದೆ ಹೊಸ ಪೀಠ ಇಟ್ಟು, ಹಳೆಯದನ್ನು ಹಿಂದೆ ಹಾಗೇ ಉಳಿಸಿಕೊಂಡ ಚರ್ಚ್‌ಗಳು ಎಷ್ಟೋ ಇವೆ. ನಮ್ಮಲ್ಲಿ ಹಳೇ ಪೀಠವನ್ನು ಒಡೆದರು. ಅದರ ಗಾರೆಯ ಬಳ್ಳಿ ಕೆತ್ತನೆಯ ಒಂದು ತುಂಡು, ಅಂಗೈಯಷ್ಟು ಅಗಲದ್ದು, ಗುರುಗಳ ಮನೆಯ ಹಿತ್ತಲಲ್ಲಿ ತುಳಸಿ ಕುಂಡದ ಪಕ್ಕ ಸಿಕ್ಕಿತು. ಮೂರು ಎಲೆ, ಒಂದು ದ್ರಾಕ್ಷಿ ಗೊಂಚಲು. ದ್ರಾಕ್ಷಿಯ ಒಂದೊಂದು ಹಣ್ಣಿನ ಮೇಲೂ ಮಾಡಿದವನ ಬೆರಳ ಗುರುತು. ಈಗ ಅದನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇವೆ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ದಕ್ಷಿಣ ಇಂಡಿಯಾ ಸಭೆ) ಚರ್ಚ್‌ಗಳಲ್ಲಿ ಈ ಬದಲಾವಣೆ ಹುಡುಕಬೇಡಿ, ಅವುಗಳ ದಾರಿ ಬೇರೆ. ಈ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಬೇರೆ ಬೇರೆ ಪ್ರಾಟೆಸ್ಟೆಂಟ್ ಸಭೆಗಳು ಒಂದಾದಾಗ. ಹಳೇ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್‌ನವರು (ಇಂಗ್ಲೆಂಡಿನ ಮೆಥಡಿಸ್ಟರು) ಕಟ್ಟಿದ ಚರ್ಚ್‌ಗಳು ಆಗ ಅದಕ್ಕೆ ಸೇರಿದವು. ಅಲ್ಲಿ ಮೊದಲಿನಿಂದಲೂ ವಾಕ್ಯ ಓದುವುದಕ್ಕೆ, ಪ್ರಸಂಗಕ್ಕೆ ಹೆಚ್ಚು ತೂಕ. ಹಾಗಾಗಿ ಕಣ್ಣು ಮೊದಲು ಹೋಗುವುದು ಪ್ರಸಂಗದ ಮಂಚಿಕೆಯ ಕಡೆ. ಗೋಡೆಯ ಗೋಳು ಮಾತ್ರ ಎರಡೂ ಕಡೆ ಒಂದೇ.

ಹರಿಹರದ ಆರೋಗ್ಯಮಾತೆಯ ದೇವಾಲಯದ ಬಗ್ಗೆಯೂ ಎರಡು ಮಾತು, ಜನ ಪದೇ ಪದೇ ಕೇಳುವುದರಿಂದ. 2019ರಲ್ಲಿ ಅದಕ್ಕೆ 'ಬಸಿಲಿಕ' ಪದವಿ ಸಿಕ್ಕಿತು. ಹಾಗಂದರೆ ಒಂದು ಬಗೆಯ ಕಟ್ಟಡ ಅಂತ ಕೆಲವರು ತಿಳಿದಿದ್ದಾರೆ. ಅದು ಪೋಪ್ ಕಡೆಯಿಂದ ದೇವಾಲಯಕ್ಕೆ ಸಿಗುವ ಗೌರವ. ನಾಲ್ಕು ಮಹಾ ಬಸಿಲಿಕಗಳೂ ರೋಮ್ ಮತ್ತು ಅದರ ನಡುವಿನ ವ್ಯಾಟಿಕನ್‌ನಲ್ಲೇ ಇವೆ, ಉಳಿದ ಎಲ್ಲವೂ ಕಿರು ಬಸಿಲಿಕಗಳು. ಕಾರ್ಕಳದ ಅತ್ತೂರು ಚರ್ಚ್‌ಗೆ ಈ ಗೌರವ 2016ರಲ್ಲಿ ಬಂದಿತ್ತು. ಕೆಂಪು ಹಳದಿ ಪಟ್ಟೆಯ ಅರೆ ತೆರೆದ ಕೊಡೆ, ಕೋಲಿಗೆ ಕಟ್ಟಿದ ಗಂಟೆ ಇದರ ಗುರುತುಗಳು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರಕ್ಕೆ ಹೋದರೆ ಜನಸಾಗರ. ಜನ ಹೆಚ್ಚಾದಂತೆ ಜಾಗವೂ ಹಿಗ್ಗಬೇಕಾಗುತ್ತದೆ, ನಮ್ಮ ನಾಲ್ಕನೇ ದುರಸ್ತಿಯ ಕಾರಣವೂ ಅದೇ. ಪಕ್ಕಕ್ಕೆ ಒಂದು ಕಾಂಕ್ರೀಟ್ ಭಾಗ ಸೇರಿಸಿದರು. ಹಳೇ ಗೋಡೆಗೂ ಹೊಸದಕ್ಕೂ ನಡುವೆ ಸಂದಿ ಬಿಡದೆ ಕಚ್ಚಿಸಿಬಿಟ್ಟರು. ಎರಡೂ ಬೇರೆ ಬೇರೆ ರೀತಿ ಕೂರುತ್ತವೆ, ಬೇರೆ ಬೇರೆ ರೀತಿ ಹಿಗ್ಗುತ್ತವೆ. ಕೂಡಿದ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯ ಬಿರುಕು.

ಅದೇ ಹರಿಹರದಲ್ಲಿ ಹರಿಹರೇಶ್ವರ ಗುಡಿ ಇದೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಅದನ್ನು 1224ರ ಸುಮಾರಿಗೆ ಕಟ್ಟಿಸಿದ. ಆಮೇಲೆ 1268ರಲ್ಲಿ ಸೋಮ ದಂಡನಾಯಕ ಅದಕ್ಕೆ ಸೇರಿಸಿದ್ದು ಏನು ಅನ್ನುವುದೂ ಕಲ್ಲಿನ ಶಾಸನದಲ್ಲಿ ದಾಖಲಾಗಿದೆ. ಏಳುನೂರು ವರ್ಷದ ಮೇಲೂ ಯಾರು ಯಾವಾಗ ಏನು ಮಾಡಿದರು ಅಂತ ಓದಬಹುದು. ನಮ್ಮ ಚರ್ಚ್‌ನ ಐವತ್ತು ವರ್ಷದ ಹಿಂದಿನ ದುರಸ್ತಿಗೆ ಒಂದು ಚೀಟಿಯೂ ಇರಲಿಲ್ಲ. ಅದಕ್ಕೇ ಈ ಸಲ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಗೋಡೆಯಲ್ಲಿ ಎಷ್ಟು ಅಡಿ ಕಿತ್ತೆವು, ಒಳಗೆ ಏನು ಕಂಡಿತು, ಏನು ಹಚ್ಚಿದೆವು, ಸುಣ್ಣ ಎಲ್ಲಿಂದ ತಂದೆವು, ಎಲ್ಲ ಅದರಲ್ಲಿದೆ. ಜೊತೆಗೆ ಫೋಟೋ.

ಮೇಸ್ತ್ರಿ ಮಾಡಿದ್ದು ಇಷ್ಟು. ಮೊದಲು ಹೊರಗಿನ ಬುಡದ ಕಾಂಕ್ರೀಟ್ ಒಡೆಸಿ ಜಲ್ಲಿ ತುಂಬಿಸಿದರು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು, ಅದಕ್ಕೆ ಸೂರಿನಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿ ದೂರ ಹರಿಸಿದರು. ತೇವದ ಗೆರೆಗಿಂತ ಮೇಲಿನವರೆಗೆ ಸಿಮೆಂಟ್ ಪ್ಲಾಸ್ಟರ್ ಕೀಳಿಸಿ, ಒಂದು ಇಡೀ ಬೇಸಿಗೆ ಗೋಡೆಯನ್ನು ಹಾಗೇ ಬೆತ್ತಲೆ ಬಿಟ್ಟರು. ಮೇಲೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿಸಿದರು. ನೀರು ಹಾಕಿ ತೊಳೆಯಬಾರದು, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ವಾರಗಟ್ಟಲೆ ನೀರಿನಲ್ಲಿ ಇಟ್ಟು ಹದಗೊಳಿಸಿದ ಸುಣ್ಣ. ಅರ್ಧ ಇಂಚಿಗಿಂತ ತೆಳುವಾದ ಪದರ, ಒಂದು ಆರಿದ ಮೇಲೆ ಇನ್ನೊಂದು. ಬಿಸಿಲು ನೇರ ಬೀಳದ ಹಾಗೆ ಗೋಣಿ ಚೀಲ ಕಟ್ಟಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದರು. ಆ ಕೆಲಸವನ್ನು ಭಾನುವಾರಗಳಲ್ಲಿ ಧರ್ಮೋಪದೇಶದ ಮಕ್ಕಳು ಖುಷಿಯಿಂದ ಮಾಡಿದರು.

ಈಗ ಮೂರನೇ ಬೆಂಚಿನ ಪಕ್ಕದ ಗೋಡೆ ಬೂದು ಬಿಳಿ ಬಣ್ಣಕ್ಕಿದೆ, ಉಳಿದ ಗೋಡೆ ಕ್ರೀಮ್ ಬಣ್ಣಕ್ಕಿದೆ. ಹಬ್ಬ ಬಂತು, ಅಷ್ಟಕ್ಕೂ ಪೇಂಟ್ ಹೊಡೆಸಿಬಿಡೋಣ ಅಂತ ಕೆಲವರು ಕೇಳುತ್ತಿದ್ದಾರೆ. ಮೇಸ್ತ್ರಿ ಒಪ್ಪಿಲ್ಲ. ಇನ್ನೊಂದು ಬೇಸಿಗೆ ದಾಟಲಿ, ಆಮೇಲೆ ಬರೀ ಸುಣ್ಣ ಹೊಡೀರಿ ಅಂದಿದ್ದಾರೆ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ನಾನು ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಂತೆ. ತಣ್ಣಗಿತ್ತು. ಕೈ ತೆಗೆದು ನೋಡಿದೆ, ಪುಡಿ ಮೆತ್ತಿರಲಿಲ್ಲ.